ವಕ್ಫ್: ಹಝ್ರತ್ ಉಮರ್(ರ)ರ ದಸ್ತಾವೇಜಿನಿಂದ ಇಂದಿನ ನ್ಯಾಯಾಲಯದವರೆಗೆ

ಖೈಬರ್‌ನಲ್ಲಿ ಹಝ್ರತ್ ಉಮರ್(ರ)ರ ಪಾಲಿಗೆ ಫಲವತ್ತಾದ ಭೂಮಿಯೊಂದು ಬಂದಿತ್ತು. ಅದಕ್ಕಿಂತ ಅಮೂಲ್ಯವಾದ ಸೊತ್ತು ಅವರಿಗೆ ಅದುವರೆಗೆ ದೊರೆತಿರಲಿಲ್ಲ. ಅದನ್ನು ಏನು ಮಾಡಬೇಕೆಂದು ಅವರು ಪ್ರವಾದಿ ಮುಹಮ್ಮದ್(ಸ)ರ ಬಳಿ ಸಲಹೆ ಕೇಳಿದರು. ಮೂಲ ಸೊತ್ತನ್ನು ಹಾಗೆಯೇ ಉಳಿಸಿಕೊಂಡು ಅದರ ಉತ್ಪನ್ನವನ್ನು ದಾನವಾಗಿಸಬಹುದೆಂದು ಪ್ರವಾದಿ(ಸ) ತಿಳಿಸಿದರು. ಅಂದಿನಿಂದ ಆ ಭೂಮಿಯನ್ನು ಮಾರುವಂತಿರಲಿಲ್ಲ, ಉಡುಗೊರೆಯಾಗಿ ಕೊಡುವಂತಿರಲಿಲ್ಲ, ವಾರಸುದಾರರಿಗೆ ಹಂಚುವಂತಿರಲಿಲ್ಲ. ಅದರ ಫಲವು ಬಡವರಿಗೆ, ಬಂಧುಗಳಿಗೆ, ಪ್ರಯಾಣಿಕರಿಗೆ, ಅತಿಥಿಗಳಿಗೆ ಮೀಸಲಾಯಿತು.

ಈ ಘಟನೆಯನ್ನು ನಾವು ಪ್ರವಚನಗಳಲ್ಲಿ ಅನೇಕ ಬಾರಿ ಕೇಳಿದ್ದೇವೆ. ಆದರೆ ಅದರ ಇನ್ನೊಂದು ಭಾಗ ಅಷ್ಟಾಗಿ ನಮ್ಮ ಗಮನ ಸೆಳೆದಿಲ್ಲ. ಹಝ್ರತ್ ಉಮರ್(ರ) ಈ ವಕ್ಫ್‌ನ ಷರತ್ತುಗಳನ್ನು ಬರಹಕ್ಕಿಳಿಸಿದರು. ತಮ್ಮ ಬಳಿಕ ಅದರ ಉಸ್ತುವಾರಿ ಯಾರದೆಂಬುದನ್ನೂ ಅದರಲ್ಲಿ ನಮೂದಿಸಿ, ಮಗಳು ಹಝ್ರತ್ ಹಫ್ಸಾ(ರ)ರಿಗೆ ಆ ಹೊಣೆಯನ್ನು ಒಪ್ಪಿಸಿದರು. ಅವರ ಪ್ರಾಮಾಣಿಕತೆಯನ್ನು ಶಂಕಿಸುವವರು ಮದೀನಾದಲ್ಲಿ ಯಾರಿದ್ದರು? ಆದರೂ ಅವರು ಬರೆದಿಟ್ಟರು. ಸಾಲದ ವ್ಯವಹಾರ ಚಿಕ್ಕದಿರಲಿ, ದೊಡ್ಡದಿರಲಿ, ಬರೆದಿಡಲು ಉದಾಸೀನ ಮಾಡಬಾರದೆಂದು ಪವಿತ್ರ ಕುರ್‌ಆನ್ ಕಲಿಸಿದ ಸಮುದಾಯದ ನಡವಳಿಕೆ ಅದಾಗಿತ್ತು.

ಭಾರತದ ನ್ಯಾಯಾಲಯಗಳಲ್ಲಿ ವಕ್ಫ್ ಸಾಗಿಬಂದ ದಾರಿಯನ್ನು ನೋಡಿದಾಗ ಈ ಬರಹದ ಬೆಲೆ ಅರ್ಥವಾಗುತ್ತದೆ.

1894ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಬಂಗಾಳದ ಕುಟುಂಬವೊಂದರ ವಕ್ಫ್ ಅನ್ನು ಅಸಿಂಧುವೆಂದು ತೀರ್ಪಿತ್ತಿತು. ಮಕ್ಕಳು ಮೊಮ್ಮಕ್ಕಳಿಗಾಗಿ ಮಾಡುವ ವಕ್ಫ್‌ನಲ್ಲಿ ಬಡವರ ಪಾಲು ಬಹುದೂರದ, ಹೆಸರಿಗಷ್ಟೇ ಇರುವ ಪಾಲೆಂಬುದು ಅದರ ವಾದವಾಗಿತ್ತು. ಬಂಧುಗಳಿಗೆ ಕೊಡುವುದೂ ಇಸ್ಲಾಮಿನಲ್ಲಿ ಪುಣ್ಯಕಾರ್ಯವೆಂಬ ಅಂಶ ಆ ನ್ಯಾಯಾಧೀಶರ ಮನಸ್ಸಿಗೆ ಹಿಡಿಸಲಿಲ್ಲ. ಕಲ್ಕತ್ತಾ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಅಮೀರ್ ಅಲಿಯವರು ಇದಕ್ಕೆ ಮುನ್ನವೇ ಇನ್ನೊಂದು ಮೊಕದ್ದಮೆಯಲ್ಲಿ ಭಿನ್ನಮತದ ತೀರ್ಪು ಬರೆದು ಇಸ್ಲಾಮೀ ಕಾನೂನಿನ ನಿಲುವನ್ನು ವಿವರಿಸಿದ್ದರು. ಮೌಲಾನಾ ಶಿಬ್ಲಿ ನುಅಮಾನಿಯವರು ಉಲಮಾಗಳ ಅಭಿಪ್ರಾಯವನ್ನು ಒಗ್ಗೂಡಿಸಿದರು. ಮುಹಮ್ಮದ್ ಅಲಿ ಜಿನ್ನಾ ಅವರು ಶಾಸನಸಭೆಯಲ್ಲಿ ಮಂಡಿಸಿದ ಮಸೂದೆ 1913ರಲ್ಲಿ ಕಾಯ್ದೆಯಾಯಿತು. ಅದಕ್ಕೆ ಮುಂಚಿನ ವಕ್ಫ್‌ಗಳಿಗೆ ಈ ಕಾಯ್ದೆ ಅನ್ವಯಿಸದೆಂದು ನ್ಯಾಯಾಲಯಗಳು ಹೇಳಿದಾಗ, 1930ರಲ್ಲಿ ಮತ್ತೊಂದು ಕಾಯ್ದೆ ಬೇಕಾಯಿತು. ಒಂದು ತೀರ್ಪಿನ ಪರಿಣಾಮವನ್ನು ಸರಿಪಡಿಸಲು ಮೂವತ್ತಾರು ವರ್ಷಗಳು ಹಿಡಿದವು.

ಎರಡನೆಯ ಪಾಠ ಕಾಲಮಿತಿಯದು. ಲಾಹೋರಿನ ಶಹೀದ್ ಗಂಜ್ ಮಸೀದಿಯ ಮೊಕದ್ದಮೆಯಲ್ಲಿ 1940ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪು ನೀಡಿತು. ಆ ಜಾಗ ದೀರ್ಘಕಾಲದಿಂದ ಸಿಖ್ಖರ ಸ್ವಾಧೀನದಲ್ಲಿತ್ತು. ಮಸೀದಿಯ ಸೊತ್ತಿಗೂ ಕಾಲಮಿತಿಯ ಕಾನೂನು ಅನ್ವಯಿಸುತ್ತದೆ, ದಾವೆಯ ಅವಧಿ ಮೀರಿಹೋಗಿದೆ ಎಂದು ನ್ಯಾಯಾಲಯ ಹೇಳಿತು. ಒಮ್ಮೆ ವಕ್ಫ್ ಆದದ್ದು ಎಂದೆಂದಿಗೂ ವಕ್ಫ್ ಎಂಬುದು ನಮ್ಮ ಫಿಕ್‌ಹ್‌ನ ನಿಯಮ. ಆದರೆ ಸಿವಿಲ್ ನ್ಯಾಯಾಲಯದ ಗಡಿಯಾರ ಬೇರೆಯೇ ಆಗಿದೆ.

ಸ್ವಾತಂತ್ರ್ಯಾನಂತರ 1954ರ ಹಾಗೂ 1995ರ ವಕ್ಫ್ ಕಾಯ್ದೆಗಳು ಬಂದವು. 1995ರ ಕಾಯ್ದೆಯ 107ನೇ ಕಲಮು ವಕ್ಫ್‌ನ ಸ್ಥಿರಾಸ್ತಿಯನ್ನು ಮರಳಿ ಪಡೆಯುವ ದಾವೆಗಳನ್ನು ಕಾಲಮಿತಿಯಿಂದ ಹೊರಗಿಟ್ಟಿತು. 2025ರ ತಿದ್ದುಪಡಿ ಆ ಕಲಮನ್ನೇ ತೆಗೆದುಹಾಕಿದೆ. ಸ್ಥಿರಾಸ್ತಿಯ ಸ್ವಾಧೀನ ಕೋರುವ ದಾವೆಗೆ ಸಾಮಾನ್ಯವಾಗಿ ಹನ್ನೆರಡು ವರ್ಷಗಳ ಅವಧಿಯಿದೆ. ಒತ್ತುವರಿಯನ್ನು ಕಂಡೂ ಸುಮ್ಮನಿರುವ ಆಡಳಿತ ಸಮಿತಿಗೆ ಇನ್ನು ಮುಂದೆ ಆ ಮೌನವೇ ಮುಳುವಾಗಬಹುದು.

ಮೂರನೆಯ ಪಾಠ ಪುರಾವೆಯದು. 2022ರಲ್ಲಿ ಸುಪ್ರೀಂ ಕೋರ್ಟು ರಾಜಸ್ಥಾನದ ಭಿಲ್ವಾರಾ ಜಿಲ್ಲೆಯ ಮೊಕದ್ದಮೆಯೊಂದನ್ನು ತೀರ್ಮಾನಿಸಿತು. ಗಣಿಗಾರಿಕೆಗೆ ಗುತ್ತಿಗೆ ನೀಡಲಾದ ಜಾಗದಲ್ಲಿ ಪಾಳುಬಿದ್ದ ಗೋಡೆ ಮತ್ತು ಕಟ್ಟೆಯೊಂದಿತ್ತು. ಅದನ್ನು ವಕ್ಫ್ ಮಾಡಿದ್ದಕ್ಕಾಗಲಿ, ಅಲ್ಲಿ ನಮಾಝ್ ನಡೆಯುತ್ತಿದ್ದುದಕ್ಕಾಗಲಿ ಪುರಾವೆಯಿಲ್ಲದ ಕಾರಣ ಅದು ಧಾರ್ಮಿಕ ಸ್ಥಳವೆನಿಸದೆಂದು ನ್ಯಾಯಾಲಯ ಹೇಳಿತು.

2025ರ ಸೆಪ್ಟೆಂಬರ್ 15ರ ಮಧ್ಯಂತರ ಆದೇಶವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ನ್ಯಾಯಮೂರ್ತಿ ಎ.ಜಿ. ಮಸೀಹ್ ಅವರ ಪೀಠ ಇಡೀ ತಿದ್ದುಪಡಿಗೆ ತಡೆ ನೀಡಲಿಲ್ಲ. ವಕ್ಫ್ ಮಾಡುವವನು ಐದು ವರ್ಷ ಇಸ್ಲಾಮನ್ನು ಪಾಲಿಸಿರಬೇಕೆಂಬ ಷರತ್ತನ್ನು, ಅದನ್ನು ನಿರ್ಧರಿಸುವ ನಿಯಮಗಳು ರೂಪುಗೊಳ್ಳುವವರೆಗೆ ತಡೆಹಿಡಿಯಿತು. ಸೊತ್ತು ಸರಕಾರದ್ದೋ ವಕ್ಫ್‌ನದ್ದೋ ಎಂಬುದನ್ನು ಸರಕಾರಿ ಅಧಿಕಾರಿಯೇ ನಿರ್ಣಯಿಸಿ ದಾಖಲೆ ಬದಲಿಸುವುದಕ್ಕೂ ತಡೆ ಸಿಕ್ಕಿತು. ನ್ಯಾಯಮಂಡಳಿ ಮತ್ತು ಹೈಕೋರ್ಟಿನಲ್ಲಿ ಒಡೆತನ ತೀರ್ಮಾನವಾಗುವವರೆಗೆ ವಕ್ಫ್ ಅನ್ನು ಸ್ವಾಧೀನದಿಂದ ಬಿಡಿಸುವಂತಿಲ್ಲ. ಅದೇ ವೇಳೆ ಮೂರನೆಯವರಿಗೆ ಹಕ್ಕು ಸೃಷ್ಟಿಸುವಂತೆಯೂ ಇಲ್ಲ.

ಆದರೆ ನೋಂದಣಿಯ ನಿಯಮಕ್ಕೆ ತಡೆ ದೊರೆಯಲಿಲ್ಲ. ದೀರ್ಘ ಬಳಕೆಯಿಂದ ವಕ್ಫ್ ಆಗುವ ಪದ್ಧತಿಯನ್ನು ಕೈಬಿಟ್ಟಿರುವುದಕ್ಕೂ, 107ನೇ ಕಲಮಿನ ರದ್ದತಿಗೂ ತಡೆ ಸಿಗಲಿಲ್ಲ. ವಕ್ಫ್‌ನ ವಿವರಗಳನ್ನು ದಾಖಲಿಸುವ ಕರ್ತವ್ಯವನ್ನು 1923ರ ಕಾಯ್ದೆಯಿಂದಲೇ ಮುತವಲ್ಲಿಗಳ ಮೇಲೆ ಹೊರಿಸಲಾಗಿತ್ತೆಂಬ ಇತಿಹಾಸವನ್ನು ನ್ಯಾಯಾಲಯ ನೆನಪಿಸಿತು. ಈ ಮಾತು ಕಹಿಯಾಗಿದೆ. ಅಜ್ಜಂದಿರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಖಬರಸ್ತಾನಕ್ಕೆ ದಾಖಲೆ ಎಲ್ಲಿಂದ ತರುವುದೆಂಬ ಬಡ ಜಮಾಅತ್‌ನ ಸಂಕಟ ಸುಳ್ಳಲ್ಲ. ಆದರೆ ದಾಖಲೆ ಇದ್ದೂ ಕಬ್ಬಿಣದ ಪೆಟ್ಟಿಗೆಯಲ್ಲಿ ಗೆದ್ದಲಿಗೆ ಆಹಾರವಾಗಿಸಿದವರೂ ನಮ್ಮಲ್ಲಿದ್ದಾರೆ.

ನಮ್ಮ ರಾಜ್ಯದ ಅನುಭವವೂ ಇಲ್ಲಿ ಮುಖ್ಯ. 2024ರಲ್ಲಿ ವಿಜಯಪುರ ಜಿಲ್ಲೆಯ ರೈತರಿಗೆ ವಕ್ಫ್ ಹೆಸರಿನಲ್ಲಿ ನೋಟಿಸುಗಳು ಹೋದಾಗ ದೊಡ್ಡ ವಿವಾದವೆದ್ದಿತು. ಕೊನೆಗೆ ಸರಕಾರ ಅವುಗಳನ್ನು ಹಿಂಪಡೆಯಲು ಆದೇಶಿಸಿತು. ದಾಖಲೆಗಳು ಗೊಂದಲದಲ್ಲಿದ್ದರೆ ಖಬರಸ್ತಾನವೂ ಅಸುರಕ್ಷಿತ, ನೆರೆಯ ಉಳುವವನ ನಿದ್ದೆಯೂ ಅಸುರಕ್ಷಿತ. ಸ್ವತಃ ನಮ್ಮ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಗಳಾಗಬೇಕೆಂಬುದು ಕುರ್‌ಆನಿನ ಬೋಧನೆ. ಇತರರ ಭೂಮಿಯನ್ನು ವಕ್ಫ್ ಎಂದು ಬರೆಯುವುದು ವಕ್ಫ್ ಭೂಮಿಯನ್ನು ಕಬಳಿಸುವಷ್ಟೇ ದೊಡ್ಡ ಅನ್ಯಾಯ.

ಆದ್ದರಿಂದ ಪ್ರತಿಯೊಂದು ಜಮಾಅತ್ ತನ್ನ ಮೂಲ ದಸ್ತಾವೇಜು, ಗೆಜೆಟ್ ಅಧಿಸೂಚನೆ, ನೋಂದಣಿ ಪತ್ರ, ಪಹಣಿ, ಸರ್ವೆ ನಕ್ಷೆ, ತೆರಿಗೆ ರಸೀದಿ ಹಾಗೂ ಬಾಡಿಗೆ ಕರಾರುಗಳನ್ನು ಒಂದೆಡೆ ಸೇರಿಸಲಿ. ಅವುಗಳ ದೃಢೀಕೃತ ಪ್ರತಿಗಳನ್ನು ಪಡೆಯಲಿ. ಬಳಕೆಗೆ ಸಾಕ್ಷಿಯಾಗಬಲ್ಲ ಹಿರಿಯರ ಹೇಳಿಕೆಗಳನ್ನು ಅವರು ನಮ್ಮೊಂದಿಗಿರುವಾಗಲೇ ವಕೀಲರ ನೆರವಿನಿಂದ ದಾಖಲಿಸಲಿ. ನೋಂದಣಿ ಬಾಕಿಯಿದ್ದರೆ ಬಲ್ಲ ವಕೀಲರೊಂದಿಗೆ ಕೂಡಲೇ ನ್ಯಾಯಮಂಡಳಿಯನ್ನು ಸಂಪರ್ಕಿಸಲಿ. ವರ್ಷಕ್ಕೊಮ್ಮೆ ಲೆಕ್ಕಪತ್ರವನ್ನು ಜಮಾಅತಿನ ಮುಂದಿಡಲಿ.

ಸುಪ್ರೀಂ ಕೋರ್ಟಿನ ಆದೇಶ ಮಧ್ಯಂತರದ್ದು. ಕಾಯ್ದೆಯ ಸಿಂಧುತ್ವದ ಪ್ರಶ್ನೆಯನ್ನು ಅದು ಅಂತಿಮವಾಗಿ ತೀರ್ಮಾನಿಸಿಲ್ಲ. ಕಾನೂನಿನ ಹೋರಾಟವನ್ನು ಅರಿತವರು ನಡೆಸಲಿ. ಆದರೆ ವಕ್ಫ್ ಎಂಬುದು ನಮ್ಮ ಕೈಯಲ್ಲಿರುವ ಅಮಾನತ್. ಅದನ್ನು ಹೇಗೆ ಕಾಪಾಡಿದಿರೆಂಬ ಪ್ರಶ್ನೆ ಯಾವ ನ್ಯಾಯಪೀಠದಲ್ಲಿ ಕೇಳಿಬರದಿದ್ದರೂ ಅಲ್ಲಾಹನ ಮುಂದೆ ಕೇಳಿಬರಲಿದೆ. ಅಂದು ಉತ್ತರಿಸಲು ಸಾಧ್ಯವಾಗುವಂತೆ ಇಂದು ಬರೆದಿಡುವ ಭಾಗ್ಯವನ್ನು ಅವನು ನಮಗೆ ಕರುಣಿಸಲಿ. ಆಮೀನ್.