ಕಪ್ಪು-ಬಿಳುಪು ಛಾಯಾಚಿತ್ರ ಮುದ್ರಣ

ಕಪ್ಪು-ಬಿಳುಪು ಛಾಯಾಚಿತ್ರ ಮುದ್ರಣವು ಫಿಲ್ಮಿನಲ್ಲಿ ದಾಖಲಾದ ನೆಗೆಟಿವ್ ಚಿತ್ರವನ್ನು ಕತ್ತಲೆ ಕೋಣೆಯಲ್ಲಿ ಬೆಳಕು ಮತ್ತು ರಾಸಾಯನಿಕ ದ್ರಾವಣಗಳ ನೆರವಿನಿಂದ ಕಾಗದದ ಮೇಲೆ ಮೂಡಿಸುವ ವಿಧಾನವಾಗಿದೆ. ಇಂತಹ ಚಿತ್ರದಲ್ಲಿ ಕಾಣುವ ಕಪ್ಪು ಶಾಯಿಯದಲ್ಲ. ಅದು ಜೆಲಾಟಿನ್ ಪದರದಲ್ಲಿ ಹುದುಗಿರುವ ಬೆಳ್ಳಿಯ ಸೂಕ್ಷ್ಮ ಕಣಗಳದು. ಆದುದರಿಂದ ಇದನ್ನು ಬೆಳ್ಳಿ-ಜೆಲಾಟಿನ್ ಮುದ್ರಣವೆಂದೂ ಕರೆಯುತ್ತಾರೆ. ಒಂದೇ ನೆಗೆಟಿವ್‌ನಿಂದ ಪರಸ್ಪರ ಭಿನ್ನವಾದ ಹಲವು ಚಿತ್ರಗಳನ್ನು ಪಡೆಯಲು ಸಾಧ್ಯವಿರುವುದರಿಂದ, ಚಿತ್ರದ ಅಂತಿಮ ಸ್ವರೂಪವು ಕ್ಯಾಮೆರಾದಲ್ಲಿ ಮಾತ್ರವಲ್ಲದೆ ಮುದ್ರಣದ ಹಂತದಲ್ಲಿಯೂ ನಿರ್ಧಾರವಾಗುತ್ತದೆ.

ಇತಿಹಾಸ

ಒಂದು ನೆಗೆಟಿವ್‌ನಿಂದ ಅನೇಕ ಪ್ರತಿಗಳನ್ನು ಪಡೆಯುವ ಕ್ರಮವನ್ನು ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ರೂಪಿಸಿದನು. ಅವನು 1841ರಲ್ಲಿ ಕ್ಯಾಲೊಟೈಪ್ ವಿಧಾನಕ್ಕೆ ಪೇಟೆಂಟ್ ಪಡೆದನು. ಹೈಪೊ ದ್ರಾವಣವು ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂಬುದನ್ನು ಜಾನ್ ಹರ್ಷೆಲ್ 1819ರಲ್ಲಿಯೇ ಕಂಡುಕೊಂಡಿದ್ದನು. 1839ರಲ್ಲಿ ಇದು ಚಿತ್ರವನ್ನು ಸ್ಥಿರಗೊಳಿಸಲು ಬಳಕೆಗೆ ಬಂದಿತು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಜೆಲಾಟಿನ್ ಎಮಲ್ಷನ್ ಲೇಪಿಸಿದ ಒಣ ಫಲಕದ ವಿಧಾನವನ್ನು ಪ್ರಕಟಿಸಿದನು. ಇಂದಿನ ಫಿಲ್ಮ್ ಮತ್ತು ಕಾಗದಗಳಿಗೆ ಇದೇ ತಳಹದಿ.

ಫಿಲ್ಮ್ ಸಂಸ್ಕರಣೆ

ಫಿಲ್ಮಿನ ಎಮಲ್ಷನ್‌ನಲ್ಲಿ ಸಿಲ್ವರ್ ಹ್ಯಾಲೈಡ್ ಹರಳುಗಳಿರುತ್ತವೆ. ಬೆಳಕು ತಾಗಿದ ಹರಳುಗಳಲ್ಲಿ ಕಣ್ಣಿಗೆ ಕಾಣದ ಸುಪ್ತ ಬಿಂಬ ಉಂಟಾಗುತ್ತದೆ. ಡೆವಲಪರ್ ದ್ರಾವಣವು ಆ ಹರಳುಗಳನ್ನು ಲೋಹರೂಪದ ಬೆಳ್ಳಿಯಾಗಿ ಪರಿವರ್ತಿಸುತ್ತದೆ. ಹೆಚ್ಚು ಬೆಳಕು ಬಿದ್ದ ಭಾಗ ಹೆಚ್ಚು ಕಪ್ಪಾಗುವುದರಿಂದ ನೆಗೆಟಿವ್‌ನಲ್ಲಿ ಆಕಾಶ ಕಪ್ಪಾಗಿಯೂ ನೆರಳು ತಿಳಿಯಾಗಿಯೂ ಕಾಣುತ್ತದೆ. ಡೆವಲಪರ್‌ನ ಉಷ್ಣತೆಯನ್ನು ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಲಾಗುತ್ತದೆ; ಉಷ್ಣತೆ ಹೆಚ್ಚಿದರೆ ಕ್ರಿಯೆ ವೇಗವಾಗುವುದರಿಂದ ಸಮಯವನ್ನು ಕಡಿಮೆ ಮಾಡಬೇಕಾಗುತ್ತದೆ. ಬಹುತೇಕ ಫಿಲ್ಮ್‌ಗಳು ಎಲ್ಲ ಬಣ್ಣದ ಬೆಳಕಿಗೂ ಸ್ಪಂದಿಸುವುದರಿಂದ ಅವನ್ನು ಟ್ಯಾಂಕಿಗೆ ಸೇರಿಸುವ ಕೆಲಸ ಪೂರ್ಣ ಕತ್ತಲೆಯಲ್ಲಿಯೇ ನಡೆಯಬೇಕು.

ಮುದ್ರಣದ ಹಂತಗಳು

ಮುದ್ರಣದ ಕಾಗದವು ಕೆಂಪು ಅಥವಾ ಕಿತ್ತಳೆ ಛಾಯೆಯ ಬೆಳಕಿಗೆ ಅಷ್ಟಾಗಿ ಸ್ಪಂದಿಸದ ಕಾರಣ ಮಂದವಾದ ಸೇಫ್‌ಲೈಟ್‌ನಲ್ಲಿ ಕೆಲಸ ಮಾಡಬಹುದು. ಎನ್‌ಲಾರ್ಜರ್ ನೆಗೆಟಿವ್‌ನ ಚಿತ್ರವನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುತ್ತದೆ. ಸರಿಯಾದ ಸಮಯವನ್ನು ತಿಳಿಯಲು ಮೊದಲು ಕಾಗದದ ಒಂದು ತುಣುಕನ್ನು ಭಾಗಭಾಗವಾಗಿ 5, 10, 15 ಸೆಕೆಂಡುಗಳಂತೆ ಬೆಳಕಿಗೆ ಒಡ್ಡಿ ಪರೀಕ್ಷಾ ಪಟ್ಟಿಯನ್ನು ತಯಾರಿಸುತ್ತಾರೆ. ಅನಂತರ ಕಾಗದವನ್ನು ಅನುಕ್ರಮವಾಗಿ ಈ ಹಂತಗಳಿಗೆ ಒಳಪಡಿಸಲಾಗುತ್ತದೆ:

1. ಡೆವಲಪರ್: ಚಿತ್ರವನ್ನು ಮೂಡಿಸುತ್ತದೆ.
2. ಸ್ಟಾಪ್ ಬಾತ್: ಸಾಮಾನ್ಯವಾಗಿ ದುರ್ಬಲ ಅಸಿಟಿಕ್ ಆಮ್ಲ, ಡೆವಲಪರ್‌ನ ಕ್ರಿಯೆಯನ್ನು ನಿಲ್ಲಿಸುತ್ತದೆ.
3. ಫಿಕ್ಸರ್: ಉಳಿದ ಸಿಲ್ವರ್ ಹ್ಯಾಲೈಡ್ ಅನ್ನು ಕರಗಿಸಿ ತೆಗೆಯುತ್ತದೆ.
4. ತೊಳೆಯುವಿಕೆ: ಕಾಗದದಲ್ಲಿ ಉಳಿದ ಫಿಕ್ಸರ್ ಅನ್ನು ನೀರಿನಿಂದ ಹೊರಹಾಕುತ್ತದೆ.

ಛಾಯೆಗಳ ನಿಯಂತ್ರಣ

ಮುದ್ರಿಸುವಾಗ ಚಿತ್ರದ ಒಂದು ಭಾಗವನ್ನು ಕೈಯಿಂದಲೋ ರಟ್ಟಿನ ತುಂಡಿನಿಂದಲೋ ಸ್ವಲ್ಪ ಹೊತ್ತು ಮರೆಮಾಡಿದರೆ ಆ ಭಾಗ ತಿಳಿಯಾಗುತ್ತದೆ. ಇದಕ್ಕೆ ಡಾಡ್ಜಿಂಗ್ ಎಂದು ಹೆಸರು. ಒಂದು ಭಾಗಕ್ಕೆ ಮಾತ್ರ ಹೆಚ್ಚುವರಿ ಬೆಳಕು ಕೊಟ್ಟು ಅದನ್ನು ಗಾಢವಾಗಿಸುವುದು ಬರ್ನಿಂಗ್. ಬಹುಶ್ರೇಣಿ ಕಾಗದದಲ್ಲಿ ಬಣ್ಣದ ಫಿಲ್ಟರ್‌ಗಳ ಮೂಲಕ ಕಪ್ಪು-ಬಿಳುಪಿನ ಅಂತರವನ್ನು ಹೆಚ್ಚು ಕಡಿಮೆ ಮಾಡಬಹುದು.

ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ಹರ್ನಾಂಡಿಸ್ ಗ್ರಾಮದಲ್ಲಿ ತೆಗೆದ ಚಂದ್ರೋದಯದ ಚಿತ್ರವು ಇದಕ್ಕೆ ಪ್ರಸಿದ್ಧ ನಿದರ್ಶನ. ಸೂರ್ಯ ಮುಳುಗುತ್ತಿದ್ದ ಆ ಗಳಿಗೆಯಲ್ಲಿ ಬೆಳಕಿನ ಮಾಪಕ ಕೈಗೆ ಸಿಗದಿದ್ದುದರಿಂದ ಆಡಮ್ಸ್ ಚಂದ್ರನ ಪ್ರಕಾಶದ ಪ್ರಮಾಣವನ್ನು ನೆನಪಿನಿಂದಲೇ ಲೆಕ್ಕಹಾಕಿದರು. ಎರಡನೆಯ ಚಿತ್ರ ತೆಗೆಯುವಷ್ಟರಲ್ಲಿ ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಮರೆಯಾಗಿತ್ತು. ನೆಗೆಟಿವ್‌ನ ಕೆಳಭಾಗ ತೀರ ತೆಳುವಾಗಿದ್ದುದರಿಂದ 1948ರಲ್ಲಿ ಅದನ್ನು ರಾಸಾಯನಿಕವಾಗಿ ಬಲಪಡಿಸಿದರು. ಆರಂಭದ ಮುದ್ರಣಗಳಲ್ಲಿ ಆಕಾಶದ ತೆಳುಮೋಡಗಳು ಕಾಣುತ್ತವೆ. ದಶಕಗಳ ಅನಂತರದ ಮುದ್ರಣಗಳಲ್ಲಿ ಆಕಾಶವು ಬಹುತೇಕ ಕಪ್ಪಾಗಿದೆ.

ಬಾಳಿಕೆ ಮತ್ತು ಸಂರಕ್ಷಣೆ

ಚಿತ್ರದ ಆಯುಷ್ಯವು ಫಿಕ್ಸರ್ ಮತ್ತು ತೊಳೆಯುವಿಕೆಯನ್ನು ಹೆಚ್ಚಾಗಿ ಅವಲಂಬಿಸಿದೆ. ಕಾಗದದಲ್ಲಿ ಉಳಿದ ಹೈಪೊ ಕಾಲಕ್ರಮೇಣ ಬೆಳ್ಳಿಯೊಡನೆ ವರ್ತಿಸುವುದರಿಂದ ಚಿತ್ರ ಹಳದಿಯಾಗಿ ಮಸುಕಾಗುತ್ತದೆ. ಹಳೆಯ ಆಲ್ಬಮ್‌ಗಳಲ್ಲಿ ಕಾಣುವ ಕಂದು ಕಲೆಗಳಿಗೆ ಇದೂ ಒಂದು ಕಾರಣ. ತೇವಾಂಶ ಹೆಚ್ಚಿರುವ ಕಡೆ ಜೆಲಾಟಿನ್ ಮೇಲೆ ಬೂಷ್ಟು ಬೆಳೆಯುತ್ತದೆ. ಮುದ್ರಣ ಹಾಳಾದರೂ ನೆಗೆಟಿವ್ ಸುಸ್ಥಿತಿಯಲ್ಲಿದ್ದರೆ ಹೊಸ ಪ್ರತಿ ತೆಗೆಯಬಹುದು. ನೆಗೆಟಿವ್ ಕಳೆದುಹೋದರೆ ಉಳಿದ ಮುದ್ರಣವೇ ಏಕೈಕ ದಾಖಲೆಯಾಗುತ್ತದೆ. ಆದುದರಿಂದ ನೆಗೆಟಿವ್‌ಗಳನ್ನು ಆಮ್ಲರಹಿತ ಲಕೋಟೆಗಳಲ್ಲಿ, ಒಣಗಿದ ತಂಪಾದ ಜಾಗದಲ್ಲಿ ಇಡುವುದು ಅಗತ್ಯ.

ಭಾರತದಲ್ಲಿ

ಸಾರ್ವಜನಿಕ ವಲಯದ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಸಂಸ್ಥೆಯು 1960ರಲ್ಲಿ ನೀಲಗಿರಿಯ ಉದಕಮಂಡಲದಲ್ಲಿ ಸ್ಥಾಪನೆಯಾಯಿತು. ಅದು ‘ಇಂದು’ ಹೆಸರಿನಲ್ಲಿ ಫಿಲ್ಮ್ ಮತ್ತು ಕಾಗದವನ್ನು ತಯಾರಿಸುತ್ತಿತ್ತು. ಡಿಜಿಟಲ್ ಕ್ಯಾಮೆರಾಗಳು ಬಂದ ಮೇಲೆ ಕತ್ತಲೆ ಕೋಣೆಗಳ ಬಳಕೆ ತೀವ್ರವಾಗಿ ಕುಸಿಯಿತು. ಈ ಸಂಸ್ಥೆಯ ಉತ್ಪಾದನೆಯೂ ನಿಂತುಹೋಗಿದೆ. ಆದರೂ ಇಂಗ್ಲೆಂಡ್ ಮತ್ತು ಝೆಕ್ ಗಣರಾಜ್ಯದಲ್ಲಿ ಕಪ್ಪು-ಬಿಳುಪು ಫಿಲ್ಮ್ ಹಾಗೂ ಕಾಗದದ ತಯಾರಿಕೆ ಮುಂದುವರಿದಿದೆ.