ಲಾರಿ ಡ್ರೈವರ್‌ಗಳಿಗೆ ನಿದ್ದೆಗೆಡುವುದು ಅಭ್ಯಾಸವಾಗಿರುತ್ತದೆಯೇ?

ಹೆದ್ದಾರಿ ಅಪಘಾತದ ವಿಡಿಯೊ ವಾಟ್ಸಾಪ್‌ನಲ್ಲಿ ಬಂದಾಗ ಅದರ ಜೊತೆಗೆ ಕೆಲವು ಮಾತುಗಳೂ ಬರುತ್ತವೆ. “ಅವರಿಗೆ ರಾತ್ರಿ ಓಡಿಸಿ ಅಭ್ಯಾಸ, ನಿದ್ದೆ ಬರಲ್ಲ.” “ಡ್ರೈವರ್ ಕುಡಿದಿರಲೇಬೇಕು.” “ಎರಡು ಸ್ಟ್ರಾಂಗ್ ಟೀ ಕುಡಿದರೆ ಬೆಳಗಿನವರೆಗೂ ಓಡಿಸಬಹುದು.” “ಲಾರಿಯವರಿಗೆ ಇಷ್ಟೇ ಗಂಟೆ ಅಂತ ಕಾನೂನೇ ಇಲ್ಲ.” ಇವುಗಳಲ್ಲಿ ಎಷ್ಟು ನಿಜ? ಒಂದೊಂದಾಗಿ ನೋಡೋಣ.

ಮಾತು 1: “ಅಭ್ಯಾಸ ಆದವರಿಗೆ ನಿದ್ದೆ ಬರಲ್ಲ”

ತಪ್ಪು. ನಮ್ಮ ಮೆದುಳಿನಲ್ಲಿ ಸುಮಾರು 24 ಗಂಟೆಗೊಮ್ಮೆ ಸುತ್ತುವ ಒಂದು ಗಡಿಯಾರವಿದೆ. ಬೆಳಕು ಮತ್ತು ಕತ್ತಲೆಯನ್ನು ನೋಡಿಕೊಂಡು ಅದು ಎಚ್ಚರ ಮತ್ತು ನಿದ್ದೆಯನ್ನು ನಡೆಸುತ್ತದೆ. ರಾತ್ರಿ 2ರಿಂದ ಬೆಳಗ್ಗೆ 6ರ ನಡುವೆ ಎಚ್ಚರ ತೀರಾ ಕೆಳಕ್ಕೆ ಇಳಿಯುತ್ತದೆ. ಮಧ್ಯಾಹ್ನ 2ರಿಂದ 4ರ ನಡುವೆ ಇನ್ನೊಮ್ಮೆ ಸ್ವಲ್ಪ ಇಳಿಯುತ್ತದೆ. ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದವರಲ್ಲೂ ಈ ಇಳಿತ ಇದ್ದೇ ಇರುತ್ತದೆ.

ಅಭ್ಯಾಸವಾದಂತೆ ಅನ್ನಿಸುವುದೇಕೆ? 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವರನ್ನು 14 ದಿನ ರಾತ್ರಿಗೆ 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಾತ್ರ ಮಲಗಲು ಬಿಟ್ಟರು. ಕೊನೆಗೆ ಅವರ ಗಮನಶಕ್ತಿ, ಎರಡು ರಾತ್ರಿ ನಿದ್ದೆಯೇ ಇಲ್ಲದವರ ಮಟ್ಟದವರೆಗೂ ಕುಸಿದಿತ್ತು. ಆದರೆ ತಾವು ಅಷ್ಟು ಮಂಕಾಗಿದ್ದೇವೆ ಎಂದು ಅವರಿಗೆ ಅನ್ನಿಸಲೇ ಇಲ್ಲ. ಅಂದರೆ ನಿದ್ದೆಯ ಸಾಲ ಬೆಳೆಯುತ್ತಲೇ ಹೋಗುತ್ತದೆ, ಅದರ ಅರಿವು ಮಾತ್ರ ಕಡಿಮೆಯಾಗುತ್ತದೆ.

ಇದರ ಜೊತೆಗೆ ‘ಕ್ಷಣನಿದ್ರೆ’ ಇದೆ. ಕೆಲವೇ ಸೆಕೆಂಡು ಮೆದುಳು ನಿದ್ದೆಗೆ ಜಾರುತ್ತದೆ, ಕೆಲವೊಮ್ಮೆ ಕಣ್ಣು ತೆರೆದೇ ಇರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಲಾರಿ 4 ಸೆಕೆಂಡಿನಲ್ಲಿ ಸುಮಾರು 67 ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟು ದೂರ ಅದನ್ನು ಯಾರೂ ಓಡಿಸುತ್ತಿರುವುದಿಲ್ಲ.

ಮಾತು 2: “ಕುಡಿದಿದ್ದರೆ ಮಾತ್ರ ಅಪಾಯ”

ಅರ್ಧ ನಿಜ. ಕುಡಿದು ಓಡಿಸುವುದು ಅಪಾಯವೇ. ಆದರೆ ಒಂದು ಹನಿ ಕುಡಿಯದವರೂ ಕುಡಿದವರಂತೆಯೇ ಮಂಕಾಗಬಹುದು. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಅಳೆದು ನೋಡಿದರು. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯಸಾರ ಇದ್ದವರಷ್ಟೇ ಕುಸಿದಿತ್ತು. 24 ಗಂಟೆ ಎಚ್ಚರವಿದ್ದವರದ್ದು 100 ಮಿ.ಗ್ರಾಂ ಇದ್ದವರಿಗೆ ಸಮವಾಗಿತ್ತು.

ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಚಾಲಕರಿಗೆ ಇರುವ ಮಿತಿ 30 ಮಿ.ಗ್ರಾಂ. ಬೆಳಗ್ಗೆ 6ಕ್ಕೆ ಎದ್ದು ರಾತ್ರಿ 11ಕ್ಕೂ ಸ್ಟೀರಿಂಗ್ ಹಿಡಿದಿರುವ ಡ್ರೈವರ್, ಆ ಮಿತಿಯನ್ನು ದಾಟಿದವನಷ್ಟೇ ಮಂಕಾಗಿರುತ್ತಾನೆ. ವ್ಯತ್ಯಾಸ ಒಂದೇ: ಮದ್ಯ ಹಿಡಿಯಲು ಪೊಲೀಸರ ಬಳಿ ಊದುವ ಯಂತ್ರವಿದೆ, ನಿದ್ದೆ ಹಿಡಿಯಲು ಅಂಥದ್ದಿಲ್ಲ.

ಮಾತು 3: “ಟೀ ಕುಡಿ, ಮುಖಕ್ಕೆ ನೀರು ಹಾಕು, ಕಿಟಕಿ ತೆಗೆ”

ಸ್ವಲ್ಪ ಹೊತ್ತಿಗೆ ಮಾತ್ರ. ಟೀ-ಕಾಫಿಯ ಕೆಫೀನ್, ಮೆದುಳಿಗೆ ‘ದಣಿವಾಗಿದೆ’ ಎಂದು ಹೇಳುವ ಅಡೆನೊಸಿನ್ ಎಂಬ ವಸ್ತುವಿನ ಜಾಗವನ್ನು ತಡೆಹಿಡಿಯುತ್ತದೆ. ಸುದ್ದಿ ಮುಟ್ಟುವುದಿಲ್ಲ, ಅಷ್ಟೇ. ದಣಿವು ಎಲ್ಲಿಗೂ ಹೋಗಿರುವುದಿಲ್ಲ. ಕೆಫೀನ್ ಕೆಲಸ ಶುರು ಮಾಡಲು 20-30 ನಿಮಿಷ ಬೇಕು. ಅದರ ಅರ್ಧ ಪ್ರಮಾಣ ಕರಗಲು ಸುಮಾರು 5 ಗಂಟೆ ಬೇಕು, ಹಾಗಾಗಿ ಆಮೇಲೆ ಮಲಗಿದಾಗ ನಿದ್ದೆಯೂ ಕೆಡುತ್ತದೆ. ತಣ್ಣನೆ ಗಾಳಿ, ಜೋರು ಹಾಡು ಇವುಗಳ ಪರಿಣಾಮ ಅದಕ್ಕಿಂತ ಬೇಗ ಇಳಿಯುತ್ತದೆ.

ತುರ್ತಿಗೆ ಕೆಲಸ ಮಾಡುವ ಉಪಾಯ ಒಂದಿದೆ. ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಟೀ ಕುಡಿದು, ತಕ್ಷಣ 15-20 ನಿಮಿಷ ಮಲಗುವುದು. ಏಳುವ ಹೊತ್ತಿಗೆ ಕೆಫೀನ್ ಕೆಲಸ ಶುರು ಮಾಡಿರುತ್ತದೆ. ಇದು ಹತ್ತಿರದ ತಂಗುದಾಣ ತಲುಪಲು ಸಾಕು, ಇಡೀ ರಾತ್ರಿಗೆ ಸಾಲದು.

ಮಾತು 4: “ಲಾರಿಯವರಿಗೆ ಗಂಟೆಯ ಮಿತಿಯೇ ಇಲ್ಲ”

ತಪ್ಪು. ಮಿತಿ 1961ರಿಂದಲೇ ಇದೆ. ಆ ವರ್ಷದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳಿದ್ದು ಇಷ್ಟು:

• ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ಮಾರ್ಗಗಳಿಗೆ ಅಧಿಕಾರಿಯ ಒಪ್ಪಿಗೆ ಇದ್ದರೆ ಹೆಚ್ಚೆಂದರೆ 10 ಮತ್ತು 54 ಗಂಟೆ.
• 5 ಗಂಟೆ ಕೆಲಸದ ನಂತರ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ.
• ಬಿಡುವೂ ಸೇರಿ ದಿನದ ಡ್ಯೂಟಿ 12 ಗಂಟೆ ಮೀರಬಾರದು.
• ಒಂದು ದಿನದ ಕೆಲಸ ಮುಗಿದು ಮರುದಿನದ್ದು ಶುರುವಾಗುವ ನಡುವೆ ಸತತ 9 ಗಂಟೆ ಬಿಡುವು.
• ವಾರಕ್ಕೊಂದು ರಜೆ. ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೂಲಿ.

1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಇದೇ ಮಿತಿಯನ್ನು ಎತ್ತಿಹಿಡಿಯಿತು. 1961ರ ಕಾಯ್ದೆ ಈಗ 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯೊಳಗೆ ಸೇರಿದೆ. ದಿನಕ್ಕೆ 8 ಗಂಟೆ ಎಂಬ ಮಿತಿ ಅಲ್ಲೂ ಇದೆ.

ಕಾನೂನು ಇದ್ದೂ ರಾತ್ರಿಯೆಲ್ಲ ಓಡಿಸುವುದೇಕೆ?

ಮೊದಲ ಕಾರಣ, ಸಂಬಳದ ಲೆಕ್ಕ. ಬಹಳಷ್ಟು ಡ್ರೈವರ್‌ಗಳ ಕೈಗೆ ಹಣ ಬರುವುದು ಟ್ರಿಪ್‌ನ ಮೇಲೆ, ಗಂಟೆಯ ಮೇಲಲ್ಲ. ಬೇಗ ಮುಗಿಸಿದರೆ ಇನ್ನೊಂದು ಟ್ರಿಪ್, ನಿಂತರೆ ನಷ್ಟ.

ಎರಡನೆಯದು, ಕಾಯುವ ಹೊತ್ತು. ಫ್ಯಾಕ್ಟರಿ ಗೇಟಿನಲ್ಲಿ, ಗೋದಾಮಿನಲ್ಲಿ ಲೋಡಿಂಗ್‌ಗೆ ಅರ್ಧ ದಿನ ಹೋಗುವುದು ಸಾಮಾನ್ಯ. ಹಗಲೆಲ್ಲ ಸರದಿಯಲ್ಲಿ ಎಚ್ಚರವಿದ್ದು ಸಂಜೆ ಹೊರಟವನಿಗೆ “ನಾಳೆ ಬೆಳಗ್ಗೆ ಮಾಲು ಇಳಿಸಬೇಕು” ಎಂದರೆ, ಹಗಲು ಕಳೆದ ಹೊತ್ತನ್ನು ರಾತ್ರಿಯ ನಿದ್ದೆಯಿಂದಲೇ ತುಂಬಬೇಕು.

ಮೂರನೆಯದು, 1961ರ ಕಾಯ್ದೆ ಅನ್ವಯಿಸಿದ್ದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ನಮ್ಮಲ್ಲಿ ಒಂದೆರಡು ಲಾರಿ ಇಟ್ಟುಕೊಂಡ ಮಾಲೀಕರೇ ಹೆಚ್ಚು.

ನಾಲ್ಕನೆಯದು, ಒಂದು ಗಾಡಿಗೆ ಒಬ್ಬನೇ ಡ್ರೈವರ್. ನ್ಯಾಷನಲ್ ಪರ್ಮಿಟ್ ಲಾರಿಗಳಲ್ಲಿ ಇಬ್ಬರು ಡ್ರೈವರ್ ಕಡ್ಡಾಯ ಎಂಬ ನಿಯಮವನ್ನು 2018ರಲ್ಲಿ ಕೈಬಿಡಲಾಯಿತು.

ಸರಳ ಲೆಕ್ಕ ಹಾಕಿ ನೋಡಿ. ಬೆಂಗಳೂರಿನಿಂದ ಮುಂಬೈಗೆ ಸುಮಾರು 980 ಕಿ.ಮೀ. ಲಾರಿಯ ಸರಾಸರಿ ವೇಗ ಗಂಟೆಗೆ 40 ಕಿ.ಮೀ. ಎಂದುಕೊಂಡರೆ ಓಡಿಸುವುದಕ್ಕೇ ಹತ್ತಿರ ಹತ್ತಿರ 25 ಗಂಟೆ ಬೇಕು. ದಿನಕ್ಕೆ 10 ಗಂಟೆಯಂತೆ ಓಡಿಸಿದರೂ ತಲುಪುವುದು ಮೂರನೇ ದಿನ. ಒಬ್ಬನೇ ಡ್ರೈವರ್‌ಗೆ “ನಾಳೆ ರಾತ್ರಿಯೊಳಗೆ ತಲುಪಿಸು” ಎಂದರೆ, ನಿದ್ದೆ ಬಿಡು ಎಂದು ಹೇಳಿದಂತೆಯೇ.

ಬೇರೆ ದಾರಿ ಇದೆಯೇ?

ಇದೆ. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಲೇಬೇಕು. ದಿನದ ಮಿತಿ 9 ಗಂಟೆ, ವಾರಕ್ಕೆ ಎರಡು ದಿನ ಮಾತ್ರ 10. ಅಮೆರಿಕದಲ್ಲಿ ಸತತ 10 ಗಂಟೆ ಬಿಡುವಿನ ನಂತರ ಗರಿಷ್ಠ 11 ಗಂಟೆ ಓಡಿಸಬಹುದು. ಈ ಲೆಕ್ಕವನ್ನು ಗಾಡಿಯಲ್ಲಿರುವ ಯಂತ್ರವೇ ಬರೆದಿಡುತ್ತದೆ, ಬಾಯಿಮಾತು ನಡೆಯುವುದಿಲ್ಲ. ಪೈಲಟ್‌ಗಳಂತೆ ಲಾರಿ ಚಾಲಕರಿಗೂ ಗಂಟೆಯ ಮಿತಿ ಬೇಕು ಎಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2021ರಲ್ಲಿ ಹೇಳಿದ್ದರು.

ಇನ್ನೊಂದು ದಾರಿ ‘ರಿಲೇ’. ಬೆಂಗಳೂರಿನ ಡ್ರೈವರ್ ಮುಂಬೈವರೆಗೆ ಹೋಗದೆ, 200 ಕಿ.ಮೀ. ದೂರದ ಚಿತ್ರದುರ್ಗದಲ್ಲಿ ಲಾರಿಯನ್ನು ಇನ್ನೊಬ್ಬರಿಗೆ ಕೊಡುತ್ತಾನೆ. ಅಲ್ಲಿ ವಿಶ್ರಾಂತಿ ಪಡೆದು, ಆ ಕಡೆಯಿಂದ ಬಂದ ಲಾರಿಯನ್ನು ವಾಪಸ್ ತರುತ್ತಾನೆ. ಹೋಗಿ ಬರಲು 10 ಗಂಟೆ. ಲಾರಿ ನಿಲ್ಲುವುದಿಲ್ಲ, ಡ್ರೈವರ್ ಅದೇ ದಿನ ಮನೆ ಸೇರುತ್ತಾನೆ. ರಿವಿಗೊ ಎಂಬ ಸಂಸ್ಥೆ ಭಾರತದಲ್ಲೇ ಇಂಥ ವ್ಯವಸ್ಥೆ ನಡೆಸಿ ತೋರಿಸಿತ್ತು.

ಮನೆಗೆ ಹೋಗುವುದು ಸಂಸಾರದ ವಿಷಯ ಮಾತ್ರವಲ್ಲ, ಆರೋಗ್ಯದ ವಿಷಯವೂ ಹೌದು. ನಿದ್ದೆಯ ಸಾಲ ಒಂದು ರಾತ್ರಿಯಲ್ಲಿ ತೀರುವುದಿಲ್ಲ. ಬಿಸಿಲಿಗೆ ಕಾದ ಕ್ಯಾಬಿನ್‌ನಲ್ಲಿ, ಡೀಸೆಲ್ ಕಳ್ಳರ ಭಯದಲ್ಲಿ ಬರುವ ನಿದ್ದೆಯಿಂದ ಅದು ತೀರುವುದೂ ಕಷ್ಟ. 2025ರ ಅಕ್ಟೋಬರ್ 1ರಿಂದ ತಯಾರಾಗುವ, ಒಟ್ಟು ತೂಕ 3.5 ಟನ್ ಮೀರಿದ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯವಾಗಿದೆ. ಹಳೆಯ ಲಾರಿಗಳಿಗೆ ಇದು ಅನ್ವಯಿಸುವುದಿಲ್ಲ.

ನಾವೇನು ಮಾಡಬಹುದು?

• ಮನೆ ಸಾಮಾನಿಗೋ ಅಂಗಡಿ ಮಾಲಿಗೋ ಗಾಡಿ ಬುಕ್ ಮಾಡುವಾಗ ಮೇಲಿನಂತೆ ಗಂಟೆ ಲೆಕ್ಕ ಹಾಕಿ. ರಾತ್ರಿ ನಿಲ್ಲಲು ಸಮಯ ಕೊಡಿ. ಮಾಲು ಇಳಿಸಲು ಡ್ರೈವರ್‌ನನ್ನು ಕಾಯಿಸಬೇಡಿ.
• ಮನೆಯಲ್ಲಿ ಡ್ರೈವರ್ ಇದ್ದರೆ, ಹೊರಡುವ ಮೊದಲು “ಎಷ್ಟು ಹೊತ್ತು ಮಲಗಿದ್ದೀರಿ?” ಎಂದು ಕೇಳಿ. ಗೊರಕೆ ಜೋರಾಗಿದ್ದು ಹಗಲಲ್ಲೂ ತೂಕಡಿಕೆ ಇದ್ದರೆ ವೈದ್ಯರಿಗೆ ತೋರಿಸಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು.
• ನೀವೇ ಓಡಿಸುತ್ತಿದ್ದು ಪದೇ ಪದೇ ಆಕಳಿಕೆ ಬಂದರೆ, ಈಗ ದಾಟಿದ ಊರು ಯಾವುದೆಂದು ನೆನಪಾಗದಿದ್ದರೆ, ಲೇನ್ ತಪ್ಪುತ್ತಿದ್ದರೆ ನಿಲ್ಲಿಸಿ. ರಸ್ತೆ ಬದಿಯಲ್ಲಲ್ಲ, ಡಾಬಾ, ಪೆಟ್ರೋಲ್ ಬಂಕ್ ಅಥವಾ ಲಾರಿ ತಂಗುದಾಣದಲ್ಲಿ.
• ಮುಂದಿನ ಸಲ “ಡ್ರೈವರ್ ಕುಡಿದಿದ್ದ” ಎಂಬ ವಿಡಿಯೊ ಬಂದರೆ, ಕಳಿಸಿದವರಿಗೆ ಒಂದು ಪ್ರಶ್ನೆ ಕೇಳಿ: ಆತ ಸ್ಟೀರಿಂಗ್ ಹಿಡಿದು ಎಷ್ಟು ಗಂಟೆ ಆಗಿತ್ತು? ಉತ್ತರ ಗೊತ್ತಿಲ್ಲದಿದ್ದರೆ ಆ ಫಾರ್ವರ್ಡ್ ಅಲ್ಲಿಗೇ ನಿಲ್ಲಲಿ.