ಎರಡು ಲಿಪಿಯ ಊರಿನ ಮೂರು ಸಿಸ್ಟಂಗಳು

ಪೆನುಕೊಂಡದ ನಮ್ಮ ಡಿಟಿಪಿ ಅಂಗಡಿಯಲ್ಲಿ ಮೂರು ಕಂಪ್ಯೂಟರ್ ಇವೆ. ಗೋಡೆ ಬದಿಯದು ವಿಂಡೋಸ್ ಎಕ್ಸ್‌ಪಿ, ಅದಕ್ಕೆ ಇಂಟರ್ನೆಟ್ ತಂತಿ ಹಾಕಿಲ್ಲ. ನಡುವಿನದು ವಿಂಡೋಸ್ 10. ಬಾಗಿಲ ಹತ್ತಿರ ನಾನು ದಿನವಿಡೀ ಕೂರುವ ಮೆಷಿನ್ ಉಬುಂಟು. ಮಗನಿಗೋ ಮಗಳಿಗೋ ಕಂಪ್ಯೂಟರ್ ಕೊಡಿಸುವವರು ಬಂದು ‘ಯಾವ ಸಿಸ್ಟಂ ಹಾಕಿಸಲಿ?’ ಅಂತ ಕೇಳುತ್ತಾರೆ. ನಾನು ಮೊದಲು ಕೇಳುವುದು ಒಂದೇ: ‘ಅದರಲ್ಲಿ ಏನು ಬರೆಯುತ್ತೀರಿ, ಯಾವ ಲಿಪಿಯಲ್ಲಿ?’ ಇಪ್ಪತ್ತೈದು ವರ್ಷದಿಂದ ನಮ್ಮ ಕಡೆ ಆಪರೇಟಿಂಗ್ ಸಿಸ್ಟಂ ಆರಿಸಿದ್ದು ಅಕ್ಷರವೇ. ಮೆಷಿನ್ನಿನ ವೇಗ, ಅಂದ ಎಲ್ಲ ಆಮೇಲಿನ ಮಾತು.

ಊರು ಅಂಥದ್ದು. ಕೋಟೆಯ ಉತ್ತರ ಬಾಗಿಲಲ್ಲಿ ಒಂದನೇ ಬುಕ್ಕರಾಯನ ಕಾಲದ ಶಾಸನವಿದೆ, ಕನ್ನಡದಲ್ಲಿ. ಬುಕ್ಕ ಈ ಸೀಮೆಯನ್ನು ಮಗ ವಿರೂಪಣ್ಣನಿಗೆ ಒಪ್ಪಿಸಿದ ಸಂಗತಿ ಅದರಲ್ಲಿದೆ. 1565ರಲ್ಲಿ ಹಂಪಿ ಹಾಳಾದ ಮೇಲೆ ತಿರುಮಲರಾಯ ರಾಜಧಾನಿ ಕಟ್ಟಿಕೊಂಡದ್ದು ಇಲ್ಲೇ. 1882ರಲ್ಲಿ ಅನಂತಪುರ ಜಿಲ್ಲೆ ಆಗುವವರೆಗೆ ನಾವು ಬಳ್ಳಾರಿ ಜಿಲ್ಲೆಯವರು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಹೋಯಿತು, ಅನಂತಪುರ ಆಂಧ್ರಕ್ಕೆ ಸೇರಿತು. 2022ರಿಂದ ನಮ್ಮದು ಶ್ರೀ ಸತ್ಯಸಾಯಿ ಜಿಲ್ಲೆ. ಗೆರೆ ಎಲ್ಲಿ ಎಳೆದರೂ ಮಾತು ಅದರೊಳಗೆ ನಿಲ್ಲಲಿಲ್ಲ. ನನ್ನ ತಾಯಿಯ ಊರು ಮಡಕಶಿರಾ ಆಚೆಯ ಅಮರಾಪುರ. ರೊಳ್ಳ, ಗುಡಿಬಂಡೆ, ಅಗಳಿ ಎಲ್ಲ ಕಡೆ ಮನೆಮಾತು ಕನ್ನಡ, ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ನೊಳಂಬರು ಆಳಿದ ಹೆಂಜೇರು, ಈಗಿನ ಹೇಮಾವತಿ, ಅಲ್ಲೇ ಇದೆ. ಪಕ್ಕದ ಪಾವಗಡ ಕರ್ನಾಟಕದಲ್ಲಿದೆ, ಅಲ್ಲಿ ಬೀದಿಯಲ್ಲಿ ಕೇಳುವುದು ತೆಲುಗು. ಹೀಗಾಗಿ ನಮ್ಮಲ್ಲಿ ಲಗ್ನಪತ್ರಿಕೆ ಅಂದರೆ ಒಂದು ಮಗ್ಗುಲು ತೆಲುಗು, ಇನ್ನೊಂದು ಮಗ್ಗುಲು ಕನ್ನಡ. ಹೆಣ್ಣಿನ ಕಡೆಯವರಿಗೆ ಒಂದು, ಗಂಡಿನ ಕಡೆಯವರಿಗೆ ಒಂದು.

ಅಪ್ಪ ಹಿಂದೂಪುರದಲ್ಲಿ ಕಂಪೋಸಿಟರ್ ಆಗಿದ್ದವರು. ಸೀಸದ ಅಚ್ಚುಮೊಳೆಯ ಕಾಲ. ಕನ್ನಡದ ಕೇಸು ಎಡಕ್ಕೆ, ತೆಲುಗಿನ ಕೇಸು ಬಲಕ್ಕೆ, ಒಂದೊಂದರಲ್ಲೂ ನೂರಾರು ಮನೆ. ಗ, ಮ, ಯ ಎರಡರಲ್ಲೂ ಹೆಚ್ಚೂ ಕಡಿಮೆ ಒಂದೇ ಮೈ. ತಲೆಕಟ್ಟು ಮಾತ್ರ ಬೇರೆ. ಕನ್ನಡದ್ದು ಅಡ್ಡಕ್ಕೆ ಮಲಗಿ ತುದಿಯಲ್ಲಿ ಸುರುಳಿ ಸುತ್ತುತ್ತದೆ, ತೆಲುಗಿನದು ಮೇಷ್ಟ್ರು ‘ಸರಿ’ ಅಂತ ಹಾಕುವ ಗುರುತಿನ ಹಾಗೆ ಮೇಲಕ್ಕೆ ಚಿಮ್ಮುತ್ತದೆ. ಮೊಳೆ ಕಲಸಿಹೋದರೆ ಅಪ್ಪ ಬೆರಳ ತುದಿಯಲ್ಲೇ ಸವರಿ ಬೇರೆ ಮಾಡುತ್ತಿದ್ದರು. ಹೊಸ ಮೊಳೆ ಬಂದ ದಿನ ಅವರು ಮೊದಲು ಜೋಡಿಸುತ್ತಿದ್ದ ಸಾಲು ‘ಶ್ರೀ ಲಕ್ಷ್ಮೀನರಸಿಂಹಸ್ವಾಮಿ ಪ್ರಸನ್ನ’. ಕದಿರಿಯ ದೇವರು ನಮ್ಮ ಮನೆದೇವರು ಅನ್ನುವುದು ಒಂದು ಕಾರಣ. ಇನ್ನೊಂದು, ಆ ಸಾಲಲ್ಲಿ ಶ್ರೀ ಇದೆ, ಕ್ಷ್ಮೀ ಇದೆ, ಸ್ವಾ ಇದೆ, ಪ್ರ ಇದೆ. ಒತ್ತಿನ ಕೆಳಗೆ ಒತ್ತು. ಅದು ನೆಟ್ಟಗೆ ಕೂತರೆ ಉಳಿದದ್ದೆಲ್ಲ ಕೂರುತ್ತದೆ.

ಕಂಪ್ಯೂಟರಿಗೂ ನಾನು ಇಟ್ಟದ್ದು ಅದೇ ಪರೀಕ್ಷೆ.

ಅಂಗಡಿ ತೆರೆದದ್ದು 2001ರಲ್ಲಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಕಟ್ಟಿಸಿದ ಮೆಷಿನ್ನನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ವಿಂಡೋಸ್ 98, ಪೇಜ್‌ಮೇಕರ್. ತೆಲುಗಿಗೆ ಅನು ಫಾಂಟು. ಕನ್ನಡಕ್ಕೆ ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ‘ಬರಹ’. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸ. ಎಫ್ ಕೀ ಒತ್ತಿದರೆ ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿಯುತ್ತದೆ. ಎರಡು ದಿನದಲ್ಲಿ ಕಲಿತೆ. ನಮ್ಮ ಕಡೆ ಇಷ್ಟೂ ನಡೆಯುತ್ತಿದ್ದದ್ದು ವಿಂಡೋಸಿನ ಮೇಲೆ ಮಾತ್ರ. ಹಾಗಾಗಿ ಆಗ ಆಯ್ಕೆ ಅನ್ನುವ ಮಾತೇ ಇರಲಿಲ್ಲ. ಕನ್ನಡ ಬೇಕೆಂದರೆ ವಿಂಡೋಸ್, ತೆಲುಗು ಬೇಕೆಂದರೂ ವಿಂಡೋಸ್.

ಆ ಫಾಂಟುಗಳ ಒಳಗು ತಿಳಿದದ್ದು ಒಂದು ಸಂಜೆ, ಆಕಸ್ಮಿಕವಾಗಿ. ನುಡಿಯಲ್ಲಿ ಬರೆದ ‘ಕನ್ನಡ’ ಅನ್ನುವ ಪದವನ್ನು ಆ ಫಾಂಟು ಇಲ್ಲದ ಮೆಷಿನ್ನಿನಲ್ಲಿ ತೆರೆದೆ. ಕ ಇದ್ದ ಕಡೆ ಇಂಗ್ಲಿಷಿನ ಪಿ. ಅದರ ಬೆನ್ನಿಗೆ ತಲೆಯ ಮೇಲೆ ಓರೆ ಗೀಟು ಹೊತ್ತ ಎ. ನ ಇದ್ದ ಕಡೆ ಬ್ರಿಟಿಷರ ಪೌಂಡಿನ ಗುರುತು, ಅದರ ಬೆನ್ನಿಗೂ ಅದೇ ಎ. ಡ ಇದ್ದ ಕಡೆ ಕ್ಯೂ, ಮತ್ತೆ ಅದೇ ಎ. ಸ್ವಲ್ಪ ಹೊತ್ತು ನೋಡುತ್ತಾ ಕೂತಾಗ ಹೊಳೆಯಿತು: ಮೂರು ಸಲ ಬಂದ ಆ ಎ ಅಂದರೆ ತಲೆಕಟ್ಟು! ಅಕ್ಷರದ ಮೈ ಒಂದು ಮೊಳೆ, ತಲೆಕಟ್ಟು ಇನ್ನೊಂದು ಮೊಳೆ, ಒತ್ತು ಮತ್ತೊಂದು. ಇಂಗ್ಲಿಷಿಗಾಗಿ ಕಟ್ಟಿದ 256 ಮನೆಯ ಕೇಸಿನೊಳಗೆ ಯಾರೋ ಕನ್ನಡದ ಮೊಳೆಗಳನ್ನು ತುಂಬಿದ್ದರು. ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಇರಲಿಲ್ಲ, ಪೌಂಡು ಮತ್ತು ಕ್ಯೂ ಅಂತಲೇ ಅದು ತಿಳಿದಿತ್ತು. ಅಪ್ಪನಿಗೆ ತೋರಿಸಿದೆ. ‘ನಮ್ಮ ಕೆಲಸವೇ, ಸೀಸ ಇಲ್ಲ ಅಷ್ಟೇ’ ಎಂದರು. ಈ ಕಂಪ್ಯೂಟರು ಕಲಿಯಲಾರೆ ಅನ್ನುತ್ತಿದ್ದವರು ಅವತ್ತಿನಿಂದ ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರತೊಡಗಿದರು.

ಆದರೆ ಕೇಸಿನ ಮನೆಗಳನ್ನು ಒಬ್ಬೊಬ್ಬರು ಒಂದೊಂದು ಥರ ತುಂಬಿದ್ದರು. ನಮಗೆ ಪೆಟ್ಟು ಬಿದ್ದದ್ದು ಅಲ್ಲೇ. 2005ರಲ್ಲಿ ಪಾವಗಡದ ಸಂಬಂಧದ ಒಂದು ಮದುವೆಗೆ 500 ಪತ್ರಿಕೆ. ಬಣ್ಣದ ಅಚ್ಚಿಗೆ ಫೈಲನ್ನು ಹೊರಗಿನ ಒಂದು ಮುದ್ರಣಾಲಯಕ್ಕೆ ಕಳಿಸಿದೆ. ಅಲ್ಲಿದ್ದದ್ದು ಬೇರೆ ಫಾಂಟು. ನನ್ನ ಕೆಲವು ಒತ್ತುಗಳ ಮನೆ ಅದರಲ್ಲಿ ಖಾಲಿ. ಅಚ್ಚಾಗಿ ಬಂದ ಕಟ್ಟು ಬಿಚ್ಚಿದರೆ ‘ಪುತ್ರಿ’ ಇದ್ದಲ್ಲೆಲ್ಲ ‘ಪುತಿ’. ಹುಡುಗಿಯ ತಂದೆ ಒಂದು ಪತ್ರಿಕೆ ಕೈಗೆತ್ತಿಕೊಂಡು ಓದಿದರು, ಇನ್ನೊಂದು ತೆಗೆದು ಓದಿದರು, ಏನೂ ಅನ್ನದೆ ಕಟ್ಟಿನ ಮೇಲಿಟ್ಟರು. ನನ್ನ ದುಡ್ಡಿನಲ್ಲೇ ಮತ್ತೆ ಅಚ್ಚು ಹಾಕಿಸಿದೆ. ಆ ಮನೆಯವರು ಮತ್ತೆ ನಮ್ಮ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ದಾರಿ ಅಷ್ಟರಲ್ಲೇ ತೆರೆದಿತ್ತು, ನಾನು ಕಂಡಿರಲಿಲ್ಲ. ಲೋಕದ ಎಲ್ಲ ಲಿಪಿಗಳಿಗೂ ಅವುಗಳದೇ ಮನೆ ಕೊಡಲು ಹೊರಟ ಯುನಿಕೋಡ್ 1991ರಲ್ಲೇ ಬಂದಿತ್ತು. ವಿಂಡೋಸ್ 2000 ದೇವನಾಗರಿಯನ್ನೂ ತಮಿಳನ್ನೂ ಅರಿತಿತ್ತು, ಕನ್ನಡವನ್ನಲ್ಲ. 2001ರ ಅಕ್ಟೋಬರಿನಲ್ಲಿ ಬಂದ ಎಕ್ಸ್‌ಪಿಯಲ್ಲಿ ಕನ್ನಡ ತೆಲುಗು ಎರಡೂ ಒಟ್ಟಿಗೆ ಬಂದವು. ಕನ್ನಡದ ಫಾಂಟಿಗೆ ತುಂಗಾ, ತೆಲುಗಿನದಕ್ಕೆ ಗೌತಮಿ, ಅಂದರೆ ಗೋದಾವರಿ. ಎರಡೂ ನದಿಯ ಹೆಸರು. ನೀರಿಗೆ ಬಾಯಿ ಬಿಡುವ ನಮ್ಮ ಸೀಮೆಯಲ್ಲಿ ಆ ಎರಡು ಹೆಸರನ್ನು ಪಟ್ಟಿಯಲ್ಲಿ ಕಂಡಾಗ ನನಗೆ ಆದ ಸಂತೋಷ ಇವತ್ತಿಗೂ ನೆನಪಿದೆ. ಆದರೆ ಅದು ತಾನಾಗಿ ಏಳುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷೆಗಳ ಪುಟ ತೆರೆದು, ಸಂಕೀರ್ಣ ಲಿಪಿಗಳ ಮುಂದಿನ ಚೌಕಕ್ಕೆ ಗುರುತು ಹಾಕಿ, ಎಕ್ಸ್‌ಪಿಯ ಸಿಡಿ ತೂರಿಸಿದರೆ ಮಾತ್ರ. ಗುರುತು ಹಾಕದ ಮೆಷಿನ್ನಿನಲ್ಲಿ ಲಕ್ಷ್ಮೀ ‘ಲಕ್‌ಷ್‌ಮೀ’ ಅಂತ ಚೂರು ಚೂರು. ಎಷ್ಟು ಮನೆಗಳಿಗೆ ಆ ಸಿಡಿ ಜೇಬಲ್ಲಿಟ್ಟುಕೊಂಡು ಹೋಗಿ ಆ ಒಂದು ಗುರುತು ಹಾಕಿ ಬಂದಿದ್ದೇನೋ.

ಆ ಸಿಡಿಗಳಲ್ಲಿ ಬಹುಪಾಲು ದುಡ್ಡು ಕೊಟ್ಟು ತಂದವಲ್ಲ ಅನ್ನುವುದನ್ನೂ ಹೇಳಬೇಕು. ಅಸಲಿ ವಿಂಡೋಸಿನ ಬೆಲೆ ನನ್ನ ಅಂಗಡಿಯ ತಿಂಗಳ ಬಾಡಿಗೆಗಿಂತ ಹೆಚ್ಚಿತ್ತು. ಊರಿಗೆ ಊರೇ ನಕಲು ಹಾಕಿಕೊಂಡಿತ್ತು, ನಾನೂ ಹಾಕಿದ್ದೆ. ಮನಸ್ಸಿಗೆ ಅದು ಚುಚ್ಚುತ್ತಿತ್ತು. ಅಪ್ಪ ಒಂದು ಮೊಳೆಯನ್ನೂ ಪ್ರೆಸ್ಸಿನಿಂದ ಮನೆಗೆ ತಂದವರಲ್ಲ.

2007ರಲ್ಲಿ ಅಂಚೆಯಣ್ಣ ಒಂದು ಲಕೋಟೆ ತಂದುಕೊಟ್ಟ. ಉಬುಂಟು. ಆಗ ಕೇಳಿಕೊಂಡವರಿಗೆಲ್ಲ ಅದರ ಸಿಡಿಯನ್ನು ವಿದೇಶದಿಂದ ಬಿಟ್ಟಿಯಾಗಿ ಕಳಿಸುತ್ತಿದ್ದರು, 2011ರವರೆಗೂ ಕಳಿಸಿದರು. ಹಾಕಿದೆ. ನಕಲಲ್ಲ, ಬೀಗವಿಲ್ಲ, ಬೇಕಾದವರಿಗೆ ಹಂಚಬಹುದು. ಅಪ್ಪನ ಸಾಲು ಟೈಪ್ ಮಾಡಿದೆ. ಶ್ರೀ ಸರಿ ಬಂತು. ಕ್ಷ್ಮೀ ಬಂತು, ಆದರೆ ಮ ಒತ್ತು ಪಕ್ಕಕ್ಕೆ ಜಾರಿ ನ ಅಕ್ಷರದ ಕಾಲಡಿ ಬಿದ್ದಿತ್ತು. ಅಪ್ಪ ತಲೆಯಾಡಿಸಿದರು. ಲಗ್ನಪತ್ರಿಕೆಗೆ ಆಗದು, ನಿಜ. ಆದರೂ ನಾನು ಅದನ್ನು ತೆಗೆಯಲಿಲ್ಲ. ಒಂದೊಂದು ಹೊಸ ಆವೃತ್ತಿಗೂ ಅದೇ ಸಾಲು ಹೊಡೆದು ನೋಡುತ್ತಿದ್ದೆ. ಪರದೆಯ ಹಿಂದೆ ಎಲ್ಲೋ ಯಾರೋ ಕನ್ನಡದ ಒತ್ತುಗಳನ್ನು ಒಂದೊಂದಾಗಿ ಸರಿಪಡಿಸುತ್ತಿದ್ದರು. ಸಂಬಳಕ್ಕಲ್ಲ, ಬಹಳಷ್ಟು ಜನ ಪ್ರೀತಿಗೆ. ಕೆಲವು ವರ್ಷದಲ್ಲಿ ಮ ಒತ್ತು ತನ್ನ ಜಾಗಕ್ಕೆ ಬಂದು ಕೂತಿತು. ನಮ್ಮ ಹಾಗೆಯೇ ಬೇರೆ ರಾಜ್ಯಕ್ಕೆ ಸೇರಿದ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಉಬುಂಟುವಿಗೂ ಮೂಲವಾದ ಲಿನಕ್ಸ್‌ನಲ್ಲಿ. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ ಆ ದಾರಿ ಹಿಡಿಯಿತು. ಅಮರಾಪುರದ ಮಕ್ಕಳಿಗೆ ಆ ಭಾಗ್ಯ ಇಲ್ಲವಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಇನ್ನು ಆ ಮನೆಗಳ ಲೆಕ್ಕ. ಯುನಿಕೋಡಿನಲ್ಲಿ ತೆಲುಗಿನ ಬೀದಿ 3072ರಿಂದ 3199ರವರೆಗೆ. ಕನ್ನಡದ ಬೀದಿ 3200ರಿಂದ 3327. ನಡುವೆ ಬೇರೆ ಯಾವ ಲಿಪಿಯೂ ಇಲ್ಲ, ಗೋಡೆಗೆ ಗೋಡೆ ಅಂಟಿದ ಅಕ್ಕಪಕ್ಕದ ಮನೆ! ಹಿಂದೆಯೇ ಇದ್ದ ಇಸ್ಕಿ ಸಂಕೇತದಲ್ಲಿ ಒಂದು ಅಕ್ಷರಕ್ಕೆ ನಮ್ಮ ದೇಶದ ಹೆಚ್ಚಿನ ಲಿಪಿಗಳಲ್ಲಿ ಒಂದೇ ಸಂಖ್ಯೆ ಇತ್ತು. ಯುನಿಕೋಡ್ ಬೇರೆ ಬೇರೆ ಬೀದಿ ಕೊಟ್ಟರೂ ಮನೆಗಳ ಸಾಲನ್ನು ಹಾಗೇ ಉಳಿಸಿಕೊಂಡಿತು. ತೆಲುಗಿನ ಕ 3093, ಕನ್ನಡದ ಕ 3221. ವ್ಯತ್ಯಾಸ 128. ಇಂದು ಬಳಕೆಯಲ್ಲಿರುವ ಯಾವ ಅಕ್ಷರ ಹಿಡಿದರೂ ಅದೇ 128. ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದೆ: ಕನ್ನಡದ ಹೆಸರು ಕೊಟ್ಟರೆ ಅಕ್ಷರಕ್ಕೆ 128 ಕಳೆದು ತೆಲುಗಿಗೆ ತಿರುಗಿಸುತ್ತದೆ. ಲಗ್ನಪತ್ರಿಕೆಯ ನಲವತ್ತು ಬಂಧುಗಳ ಹೆಸರು ಈಗ ಒಂದೇ ಸಲ ಟೈಪ್ ಮಾಡುತ್ತೇನೆ. ರಾಮಪ್ಪ ರಾಮಪ್ಪನಾಗಿಯೇ ಗಡಿ ದಾಟುತ್ತಾನೆ. ನಾಗರಾಜ ಮಾತ್ರ ಆ ಕಡೆ ನಾಗರಾಜು ಆಗಬೇಕು, ಅದನ್ನು ಕೈಯಲ್ಲೇ ತಿದ್ದಬೇಕು. ಇನ್‌ಸ್ಕ್ರಿಪ್ಟ್ ಕೀಲಿಮಣೆ ಕಲಿತ ಮೇಲಂತೂ ಬೆರಳಿಗೆ ಎರಡು ಭಾಷೆಯೇ ಇಲ್ಲ, ಎರಡಕ್ಕೂ ಕ ಒಂದೇ ಕೀ, ಒತ್ತು ಒಂದೇ ಕೀ.

ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದು ಕೈಬಿಟ್ಟಿತು. ನಾನು ಬಿಟ್ಟಿಲ್ಲ. ಇಪ್ಪತ್ತು ವರ್ಷದ ಪತ್ರಿಕೆಗಳು, ದೇವಸ್ಥಾನದ ರಸೀದಿಗಳು, ಸತ್ತವರ ವೈಕುಂಠ ಸಮಾರಾಧನೆಯ ಕಾರ್ಡುಗಳು ಎಲ್ಲ ಹಳೆಯ ಫಾಂಟಿನಲ್ಲೇ ಪೇಜ್‌ಮೇಕರ್ ಒಳಗೆ ಇವೆ. ರಾತ್ರಿ ಬಿಡುವಾದಾಗ ಒಂದೊಂದಾಗಿ ತೆಗೆದು ಯುನಿಕೋಡಿಗೆ ತಿರುಗಿಸಿ ಇಟ್ಟುಕೊಳ್ಳುತ್ತಿದ್ದೇನೆ. ಅದು ಮುಗಿಯುವ ತನಕ ಆ ಮೆಷಿನ್ ಗೋಡೆ ಬದಿಯಲ್ಲಿ ಇರುತ್ತದೆ. ವಿಂಡೋಸ್ 10 ಇರುವುದು ಅರ್ಜಿಗಳಿಗೆ. 2019ರಲ್ಲಿ ಎರ್ರಮಂಚಿಯಲ್ಲಿ ಕಿಯಾ ಕಾರು ಕಾರ್ಖಾನೆ ಶುರುವಾದ ಮೇಲೆ ಇಂಗ್ಲಿಷಿನ ಬಯೋಡೇಟಾಕ್ಕೆ ಬರುವ ಹುಡುಗರು ಹೆಚ್ಚಾದರು, ಅವರಿಗೂ ಅದೇ.

ಆ ವಿಂಡೋಸ್ 10ರ ಗಡುವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಳೆಯ ಮೆಷಿನ್ನುಗಳನ್ನು ಒಲ್ಲದು. ಅಂಥ ಒಂದು ಲ್ಯಾಪ್‌ಟಾಪ್ ಹಿಡಿದುಕೊಂಡು ಮಡಕಶಿರಾ ಕಡೆಯ ಕನ್ನಡ ಶಾಲೆಯ ಟೀಚರೊಬ್ಬರು ಬಂದರು. ಮಕ್ಕಳಿಗೆ ಪಾಠ ಕನ್ನಡದಲ್ಲಿ ಬರೆಯಬೇಕು, ಮಂಡಲದ ಕಚೇರಿಗೆ ಪತ್ರ ತೆಲುಗಿನಲ್ಲಿ, ಹೊಸದು ಕೊಳ್ಳಲು ಕೈಯಲ್ಲಿ ಹಣವಿಲ್ಲ. ಉಬುಂಟು ಹಾಕಿದೆ. ಎರಡೂ ಕೀಲಿಮಣೆ ಸೇರಿಸಿ, ಸೂಪರ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಕನ್ನಡದಿಂದ ತೆಲುಗಿಗೆ ದಾಟುವುದನ್ನು ತೋರಿಸಿಕೊಟ್ಟೆ. ಆಮೇಲೆ ಅಪ್ಪನ ಸಾಲು, ಮೇಲೆ ಕನ್ನಡದಲ್ಲಿ, ಕೆಳಗೆ ತೆಲುಗಿನಲ್ಲಿ. ದೊಡ್ಡಕ್ಷರದಲ್ಲಿ ಪ್ರಿಂಟ್ ತೆಗೆದೆ.

ಅಪ್ಪ ಕನ್ನಡಕ ಮೇಲಕ್ಕೇರಿಸಿ ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದರು. ಬೆರಳು ಕ್ಷ್ಮೀ ಮೇಲೆ ನಿಂತಿತು. ‘ಮ ಒತ್ತು ಒಂದು ಕೂದಲೆಳೆ ಕೆಳಗಿದೆ’ ಎಂದರು. ಫಾಂಟನ್ನು ‘ಗುಬ್ಬಿ’ ಎಂಬುದಕ್ಕೆ ಬದಲಿಸಿ ಮತ್ತೆ ಪ್ರಿಂಟ್ ಕೊಟ್ಟೆ. ಟೀಚರ್ ಅಷ್ಟರಲ್ಲಿ ಹಾಜರಿ ಪುಸ್ತಕ ತೆರೆದು, ತಮ್ಮ ತರಗತಿಯ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಟೈಪ್ ಮಾಡತೊಡಗಿದ್ದರು.